ಮಂಚದ ಕೆಳಗಿನ ನಾಯಿಯನ್ನು ಅಲ್ಲೇ ಬಿಡಿ

ಶೆಲ್ಟರ್‌ನಿಂದ ನಾಯಿ ತಂದವರ ಪತ್ರಗಳು ವಾರವಾರವೂ ಬರುತ್ತವೆ. ಊರು ಬೇರೆ, ಪ್ರಶ್ನೆ ಮಾತ್ರ ಅವೇ. ಬರೆದು ಬರೆದು ಸಾಕಾಗಿದೆ, ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಹಾಕಿ ಅಂತೆಲ್ಲ ನಾನು ಹೇಳಬೇಕಿಲ್ಲ ಅಲ್ವಾ?

ಎರಡು ವರ್ಷದ ನಾಯಿ ತಂದು ನಾಲ್ಕು ದಿನವಾಯಿತು. ಮಂಚದ ಕೆಳಗಿಂದ ಬರುವುದಿಲ್ಲ, ಸರಿಯಾಗಿ ತಿನ್ನುವುದಿಲ್ಲ. ನಿನ್ನೆ ಮಗ ಹೊರಗೆಳೆಯಲು ಹೋದಾಗ ಗುರ್ ಅಂದಿತು. ವಾಪಸ್ ಕೊಟ್ಟುಬಿಡೋಣವೇ?

ಮಗ ಯಾಕೆ ಎಳೆಯಲು ಹೋದ? ಮೊದಲು ಅದನ್ನು ನಿಲ್ಲಿಸಿ.

ಕುಕ್ಕರ್ ಸೀಟಿ, ಮಿಕ್ಸಿ, ಟಿ.ವಿ., ಜೊತೆಗೆ ನೋಡಲು ಬಂದ ನೆಂಟರು. ಮಂಚದ ಕೆಳಗೆ ಹೋಗದೆ ಪಾಪ ಇನ್ನೇನು ಮಾಡೀತು? ನಾಯಿ ಬಲ್ಲವರ ಅಂದಾಜು ಹೀಗಿದೆ: ಗಾಬರಿ ಇಳಿಯಲು 3 ದಿನ, ಮನೆ ರೂಢಿಯಾಗಲು 3 ವಾರ, ಪೂರ್ತಿ ಹೊಂದಿಕೊಳ್ಳಲು 3 ತಿಂಗಳು. ಪುಕ್ಕಲು ನಾಯಿಗೆ ಇನ್ನೂ ಜಾಸ್ತಿ. ನಾಲ್ಕೇ ದಿನದಲ್ಲಿ ಅದರ ಗುಣ ಯಾರಿಗೂ ತಿಳಿಯುವುದಿಲ್ಲ, ನನಗೂ.

ಗುರುಗುಟ್ಟಿದ್ದಕ್ಕೆ ಹೊಡೆದಿಲ್ಲ ಅಂದುಕೊಂಡಿದ್ದೇನೆ. ಅದು ‘ದೂರ ಇರು’ ಅನ್ನುವ ಎಚ್ಚರಿಕೆ. ಅದಕ್ಕೆ ಏಟು ತಿಂದ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ‘ಯಜಮಾನ ಯಾರು ಅಂತ ತೋರಿಸಬೇಕು’ ಎಂದು ಚೋಕ್ ಚೈನ್ (ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ) ಹಿಡಿದು ಬರುವ ಟ್ರೈನರ್‌ಗಳನ್ನು ಗೇಟಿನಿಂದಲೇ ಕಳಿಸಿಬಿಡಿ.

ಶೆಲ್ಟರ್‌ನಲ್ಲಿ ಏನು ತಿನ್ನುತ್ತಿತ್ತು ಅಂತ ಫೋನ್ ಮಾಡಿ ಕೇಳಿ. ಸದ್ಯಕ್ಕೆ ಅದನ್ನೇ ಕೊಡಿ. ಬದಲಾಯಿಸುವುದಿದ್ದರೆ ಒಂದು ವಾರ ಹಿಡಿದು ನಿಧಾನವಾಗಿ. ತಟ್ಟೆ ಇಟ್ಟು ಎದ್ದು ಹೋಗಿ. ಸಂಜೆ ಅದೇ ಕೋಣೆಯ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ಪೇಪರ್ ಓದಿ. ದಿಟ್ಟಿಸಿ ನೋಡಬೇಡಿ. ಆಗಾಗ ಬೇಯಿಸಿದ ಕೋಳಿಯ ಚೂರೊಂದನ್ನು ಅದರತ್ತ ಎಸೆಯಿರಿ, ಮೂಳೆ ಬೇಡ. ಮೊದಲು ಮೂಗು ಹೊರಗೆ ಬರುತ್ತದೆ, ಆಮೇಲೆ ಮುಂಗಾಲು. ಹಿಂಗಾಲು ಮಾತ್ರ ಓಡಲು ತಯಾರಾಗಿ ಒಳಗೇ ಇರುತ್ತವೆ. ಆಗ ಕೈ ಚಾಚಿದಿರೋ, ಮತ್ತೆ ಮೊದಲಿನಿಂದ ಶುರು. ಸ್ನಾನವಂತೂ ಈಗ ಬೇಡವೇ ಬೇಡ.

ಆದರೆ ಎಲ್ಲದಕ್ಕೂ ಕಾಯುತ್ತಾ ಕೂರಬೇಡಿ. ವಾಂತಿ, ರಕ್ತಭೇದಿ, ಕಣ್ಣು ಮೂಗಿನಲ್ಲಿ ಕೀವು, ಬಿಳಿಚಿದ ಒಸಡು ಕಂಡರೆ ಅವತ್ತೇ ವೈದ್ಯರ ಬಳಿ ಹೋಗಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ಅಷ್ಟೇ. ಪಾರ್ವೊ, ಡಿಸ್ಟೆಂಪರ್ ಎಂಬ ನಾಯಿಗಳ ಸೋಂಕುರೋಗಗಳು, ಉಣ್ಣಿ ಜ್ವರ ಇವೆಲ್ಲ ತಗುಲಿದ ದಿನವೇ ತೋರಿಸಿಕೊಳ್ಳುವುದಿಲ್ಲ. ಶೆಲ್ಟರ್‌ನಿಂದ ಚೆನ್ನಾಗಿಯೇ ಹೊರಟ ನಾಯಿ ವಾರದಲ್ಲಿ ಮಲಗಿಬಿಡಬಹುದು. ನನಗೆ ಈ ವಿಷಯದಲ್ಲಿ ಭಯ ಜಾಸ್ತಿ. ಕಾರ್ಡಿನಲ್ಲಿ ಎಲ್ಲ ಲಸಿಕೆ ಬರೆದಿದ್ದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗೇಟು ಜೋಪಾನ. ಹಾಲಿನವರೋ ಕೊರಿಯರ್‌ನವರೋ ಗೇಟು ತೆಗೆದಾಗ ಹೊಸ ನಾಯಿ ನುಗ್ಗಿ ಓಡುತ್ತದೆ. ಬೆದರಿ ಹಿಂದಕ್ಕೆ ಜಗ್ಗಿದರೆ ಕಾಲರ್ ತಲೆಯಿಂದ ಜಾರಿಬಿಡುತ್ತದೆ. ವಾಕಿಂಗ್‌ಗೆ ಎದೆಗೆ ಸುತ್ತುವ ಪಟ್ಟಿ, ಅಂದರೆ ಹಾರ್ನೆಸ್ ಹಾಕಿ. ಕಾಲರ್‌ಗೆ ಫೋನ್ ನಂಬರಿನ ಬಿಲ್ಲೆ ಇರಲಿ.

ಸಂತಾನಹರಣ ಆಪರೇಷನ್‌ಗೆ ಮೊದಲು ಹೆಣ್ಣು ನಾಯಿ ಒಂದು ಸಲ ಮರಿ ಹಾಕಬೇಕಂತೆ?

ಯಾರು ಹೇಳಿದ್ದು? ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಮೊಲೆಯ ಗಡ್ಡೆ ಬರುವುದು ತೀರಾ ಅಪರೂಪ.

ಉಣ್ಣಿಗೆ ಸೀಮೆಎಣ್ಣೆ, ಕರ್ಪೂರ ಹಚ್ಚಬಹುದಾ?

ನಾಯಿ ನೆಕ್ಕಿಕೊಳ್ಳುತ್ತದೆ. ಎರಡೂ ವಿಷ.

ಆಟವಾಡುವಾಗ ಹಲ್ಲು ತಾಗಿ ಕೈಯಲ್ಲಿ ರಕ್ತ ಬಂತು. ನಾಯಿಗೆ ಲಸಿಕೆ ಆಗಿದೆ. ಊರಲ್ಲಿ ನಾಟಿ ಔಷಧಿ ಕೊಡುವವರಿದ್ದಾರೆ, ಸಾಕಾ?

ಸಾಲದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರದಪುಡಿ, ಸುಣ್ಣ ಮೆತ್ತಬೇಡಿ. ರೇಬಿಸ್ ಇಂಜೆಕ್ಷನ್ ಎಷ್ಟು, ಗಾಯಕ್ಕೆ ಚುಚ್ಚುವ ಸೀರಮ್ ಬೇಕಾ ಅನ್ನುವುದನ್ನು ಅಲ್ಲಿನ ಡಾಕ್ಟರ್ ಹೇಳುತ್ತಾರೆ, ನೆರೆಮನೆಯವರಲ್ಲ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಮದ್ದು ಆ ನಾಟಿ ವೈದ್ಯರ ಹತ್ತಿರವೂ ಇಲ್ಲ, ದೊಡ್ಡಾಸ್ಪತ್ರೆಯಲ್ಲೂ ಇಲ್ಲ.

ತಂದ ನಾಯಿಯ ಕಿವಿಯ ತುದಿ ಕತ್ತರಿಸಿದೆ. ಯಾರೋ ಹಿಂಸೆ ಕೊಟ್ಟಿರಬೇಕು?

ಇಲ್ಲ. ಬೀದಿ ನಾಯಿಗೆ ಸಂತಾನಹರಣ ಆಪರೇಷನ್ ಮಾಡುವಾಗ ಹಾಕುವ ಗುರುತು ಅದು. ನಿಮಗೆ ಒಂದು ಖರ್ಚು ಉಳಿಯಿತು.