ಚೊಕ್ಕವಾಗಿಲ್ಲದ ಕೋಡನ್ನು ಪ್ರಬಂಧದ ಜೊತೆ ಪ್ರಕಟಿಸಬೇಕೇ?

ಸಂಶೋಧನೆಗಾಗಿ ಬರೆದ ಪೈಥಾನ್ ಕೋಡ್ ಚೊಕ್ಕವಾಗಿಲ್ಲ, ಅದನ್ನು ಎಲ್ಲರ ಮುಂದಿಟ್ಟರೆ ತಪ್ಪು ಹುಡುಕುವವರಿಗೆ ನಾನೇ ದಾರಿ ಮಾಡಿಕೊಟ್ಟಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುತ್ತದೆ. ಪ್ರಕಟಿಸಲೇಬೇಕು ಎಂದು ನಾನು ಹೇಳುವುದೂ ಅದಕ್ಕೇ.

2014ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಅಣುಗಳ ಎನ್‌ಎಂಆರ್ (ಕಾಂತಕ್ಷೇತ್ರದ ನೆರವಿನಿಂದ ಅಣುವಿನ ರಚನೆ ತಿಳಿಯುವ ಪರೀಕ್ಷೆ) ಮೌಲ್ಯಗಳನ್ನು ಲೆಕ್ಕಹಾಕುವ ವಿಧಾನವೊಂದನ್ನು ಪ್ರಕಟಿಸಿ, ಅದರ ಪೈಥಾನ್ ಸ್ಕ್ರಿಪ್ಟನ್ನೂ ಜೊತೆಗೇ ಕೊಟ್ಟರು. ಬೇರೆ ಪ್ರಯೋಗಾಲಯಗಳೂ ಅದನ್ನು ಬಳಸತೊಡಗಿದವು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಸ್ಕ್ರಿಪ್ಟ್ ಅದೇ, ದತ್ತಾಂಶ ಅದೇ. ವಿಂಡೋಸ್ 10ರಲ್ಲಿ ಉತ್ತರ 173.2, ಉಬುಂಟು ಲಿನಕ್ಸ್‌ನಲ್ಲಿ 172.4, ಮ್ಯಾಕ್‌ನ ಮೊಹಾವಿ ಆವೃತ್ತಿಯಲ್ಲಿ 172.7! ಸ್ಕ್ರಿಪ್ಟ್ ಎರಡು ಬಗೆಯ ಫೈಲುಗಳನ್ನು ಓದಿ ಜೋಡಿ ಮಾಡುತ್ತಿತ್ತು. ಫೈಲುಗಳ ಪಟ್ಟಿ ಕೊಡುವ ಪೈಥಾನಿನ ‘ಗ್ಲಾಬ್’ ಫಂಕ್ಷನ್ ಅವನ್ನು ಸರಿಯಾದ ಕ್ರಮದಲ್ಲೇ ಕೊಡುತ್ತದೆ ಎಂದು ನಂಬಿತ್ತು. ಆ ಕ್ರಮ ಒಂದೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದೊಂದು ಥರ. ಹಾಗಾಗಿ ಒಂದರ ಅಂಕಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಪಟ್ಟಿಯನ್ನು ‘ಸಾರ್ಟ್’ ಮಾಡಿದ್ದರೆ, ಅಂದರೆ ಹೆಸರಿನ ಕ್ರಮದಲ್ಲಿ ಜೋಡಿಸಿದ್ದರೆ, ಈ ತೊಂದರೆ ತಪ್ಪುತ್ತಿತ್ತು. ಕೋಡ್ ಎಲ್ಲರ ಕೈಗೆ ಸಿಗುವಂತಿದ್ದುದರಿಂದಲೇ ಈ ದೋಷ ಸಿಕ್ಕಿತು ಎಂಬುದನ್ನು ಮರೆಯಬೇಡಿ. ಕೊಟ್ಟವರ ಮೇಲಿನ ನನ್ನ ಗೌರವ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಪ್ರೋಟೀನ್ ರಚನೆಗಳನ್ನು ಅಧ್ಯಯನ ಮಾಡುತ್ತಿದ್ದ ಪ್ರಯೋಗಾಲಯವೊಂದರ ಪ್ರಕರಣ. ಪ್ರಯೋಗಾಲಯದೊಳಗೇ ಬಳಕೆಯಲ್ಲಿದ್ದ ಪ್ರೋಗ್ರಾಮ್ ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು. ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. 2006ರಲ್ಲಿ ‘ಸೈನ್ಸ್’ ಪತ್ರಿಕೆಯ ಮೂರು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.

ನಿಮ್ಮ ಕೋಡಿಗೆ ಬರೋಣ. ಉತ್ತರ ಮೊದಲೇ ಗೊತ್ತಿರುವ ಒಂದು ಸಣ್ಣ ಉದಾಹರಣೆಯನ್ನು ಜೊತೆಗಿಡಿ. ಪ್ರಬಂಧಗಳನ್ನು ಪರಿಶೀಲಿಸುವಾಗ ನಾನು ಮೊದಲು ಹುಡುಕುವುದು ಅದನ್ನೇ. ಲೈಬ್ರರಿಗಳ ಆವೃತ್ತಿ ಸಂಖ್ಯೆ ಬರೆಯಿರಿ, ಯಾದೃಚ್ಛಿಕ ಸಂಖ್ಯೆಗಳಿದ್ದರೆ ಸೀಡ್ (ಅವೇ ಸಂಖ್ಯೆಗಳು ಮತ್ತೆ ಬರುವಂತೆ ಮಾಡುವ ಆರಂಭಿಕ ಸಂಖ್ಯೆ) ನಮೂದಿಸಿ. ನಿಮ್ಮ ಮನೆಯ ಫೋಲ್ಡರಿನ ವಿಳಾಸ ಕೋಡಿನೊಳಗೆ ಉಳಿದಿದೆಯೇ ನೋಡಿ. ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ತಕ್ಷಣ ತಿಳಿಯುತ್ತದೆ. ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನ ಕೊಂಡಿಯೊಂದೇ ಸಾಲದು, ಅದು ನಾಳೆ ಅಳಿಸಿಹೋಗಬಹುದು. ಸಂಶೋಧನಾ ಸಾಮಗ್ರಿಯನ್ನು ಕಾಪಿಡುವ ಝೆನೋಡೊ ತಾಣದಲ್ಲಿ ಪ್ರತಿ ಇಟ್ಟರೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಸಿಗುತ್ತದೆ. ಕೋಡನ್ನು ಬಳಸಲು ಅನುಮತಿ ಕೊಡುವ ಲೈಸೆನ್ಸ್ ಫೈಲನ್ನು ಖಂಡಿತ ಸೇರಿಸಿ. ಅದಿಲ್ಲದಿದ್ದರೆ ಬೇರೆಯವರು ನಿಮ್ಮ ಕೋಡನ್ನು ಓದಬಹುದು, ಬಳಸುವ ಹಕ್ಕು ಇರುವುದಿಲ್ಲ.

ವೇರಿಯಬಲ್ ಹೆಸರುಗಳನ್ನು ಚೆಂದಗೊಳಿಸಲೆಂದು ಪ್ರಕಟಣೆಯನ್ನು ಮುಂದೂಡಬೇಡಿ. ರೋಗಿಗಳ ದತ್ತಾಂಶವಿದ್ದರೆ ಮಾತ್ರ ಅದನ್ನು ಹೊರಗಿಡಿ. ಅದೇ ನಮೂನೆಯ ಕೃತಕ ದತ್ತಾಂಶವನ್ನು ಸೇರಿಸಿದರೂ ಕೋಡ್ ಹೇಗೆ ಓಡುತ್ತದೆ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.