ವಿಎ ಸಾಲದಲ್ಲಿ ಡ್ಯೂಪ್ಲೆಕ್ಸ್ ಕೊಂಡರೆ ಬಾಡಿಗೆಯಲ್ಲೇ ಕಂತು ಹೋಗುತ್ತದೆಯೇ?

ಅಮೆರಿಕದ ಆರ್ಮಿಯಿಂದ ಬಿಡುಗಡೆಯಾಗಿ ಸ್ಯಾನ್ ಆಂಟೋನಿಯೊದಲ್ಲಿದ್ದೀರಿ. ವಿಎ ಸಾಲದಲ್ಲಿ (ಮಾಜಿ ಸೈನಿಕರ ಇಲಾಖೆ ಖಾತರಿ ಕೊಡುವ ಮನೆಸಾಲ) ಡೌನ್‌ಪೇಮೆಂಟ್ ಇಲ್ಲದೆ ಡ್ಯೂಪ್ಲೆಕ್ಸ್, ಅಂದರೆ ಒಂದೇ ಕಟ್ಟಡದಲ್ಲಿ ಎರಡು ಪ್ರತ್ಯೇಕ ಮನೆ, ಕೊಂಡು, ಅರ್ಧದಲ್ಲಿ ನೀವಿದ್ದು, ಇನ್ನರ್ಧದ ಬಾಡಿಗೆಯಲ್ಲಿ ಕಂತು ಕಟ್ಟಬಹುದೇ ಅಂತ ಕೇಳಿದ್ದೀರಿ. ಪೂರ್ತಿ ಕಟ್ಟಲಾಗುವುದಿಲ್ಲ, ಆದರೂ ಲಾಭವಿರಬಹುದು.

4 ಲಕ್ಷ ಡಾಲರಿನ ಮನೆ ಅಂತಿಟ್ಟುಕೊಳ್ಳಿ. ಮೊದಲ ಸಲದ ಫಂಡಿಂಗ್ ಫೀ (ವಿಎಗೆ ಒಮ್ಮೆ ಕಟ್ಟುವ ಶುಲ್ಕ) 2.15%, ಅಂದರೆ 8,600 ಡಾಲರ್. ಅದನ್ನು ಸಾಲಕ್ಕೇ ಸೇರಿಸಬಹುದು. ಬಡ್ಡಿ 6.5%, ಅವಧಿ 30 ವರ್ಷವಾದರೆ ಅಸಲು, ಬಡ್ಡಿ ಸೇರಿ ತಿಂಗಳಿಗೆ ಸುಮಾರು 2,580. ಟೆಕ್ಸಾಸಿನ ಪ್ರಾಪರ್ಟಿ ಟ್ಯಾಕ್ಸ್ ಹಗುರವಲ್ಲ. ಅದಕ್ಕೂ ವಿಮೆಗೂ ಇನ್ನು 1,000 ತೆಗೆದಿಡಿ. ಪಕ್ಕದ ಭಾಗಕ್ಕೆ 1,500 ಬಾಡಿಗೆ ಬಂದರೂ ಖಾಲಿ ಬೀಳುವ ತಿಂಗಳು, ರಿಪೇರಿ ಎಲ್ಲ ಕಳೆದು 1,125 ಅಂತಲೇ ಲೆಕ್ಕ ಹಿಡಿಯಿರಿ. ನಿಮ್ಮ ಕೈಯಿಂದ ಸುಮಾರು 2,450 ಹೋಗುತ್ತದೆ. ಅಂಥದೇ ಅರ್ಧಮನೆ 1,500ಕ್ಕೆ ಬಾಡಿಗೆಗೆ ಸಿಗುವಾಗ ಈ ಬೆಲೆಗೆ ಕೊಳ್ಳುವುದು ನನ್ನ ಪ್ರಕಾರ ದುಬಾರಿ. ಬೆಲೆ ಇಳಿಸಿ, ಇಲ್ಲವೇ ಮೂರು-ನಾಲ್ಕು ಯೂನಿಟ್‌ನ ಕಟ್ಟಡ ನೋಡಿ. ವಿಎಯಲ್ಲಿ ನಾಲ್ಕರವರೆಗೆ ಅವಕಾಶವಿದೆ.

ಮೊದಲ ಕೆಲಸ: ಸೇನೆಯ ಬಿಡುಗಡೆ ಪತ್ರವಾದ ಡಿಡಿ-214 ಹಿಡಿದು ಸಿಓಇ, ಅಂದರೆ ಅರ್ಹತಾ ಪತ್ರ, ತೆಗೆಸಿ. ಲೆಂಡರ್ ಬಹುಪಾಲು ಆನ್‌ಲೈನಿನಲ್ಲೇ ತೆಗೆದುಕೊಡುತ್ತಾರೆ. ವಿಎಯಿಂದ ಅಂಗವೈಕಲ್ಯ ಪರಿಹಾರ ಬರುತ್ತಿದ್ದರೆ ಫಂಡಿಂಗ್ ಫೀ ಇಲ್ಲವೇ ಇಲ್ಲ. ಕ್ಲೇಮ್ ಇನ್ನೂ ಇತ್ಯರ್ಥವಾಗಿಲ್ಲವೆ? ಫೀ ಕಟ್ಟಿ ಮುಂದುವರಿಯಿರಿ. ಕ್ಲೋಸಿಂಗ್‌ಗಿಂತ, ಅಂದರೆ ಮನೆ ನಿಮ್ಮ ಹೆಸರಿಗಾಗುವ ದಿನಕ್ಕಿಂತ, ಹಿಂದಿನ ದಿನಾಂಕದಿಂದ ಪರಿಹಾರ ಮಂಜೂರಾದರೆ ವಾಪಸ್ ಕೇಳಬಹುದು. ಡೌನ್‌ಪೇಮೆಂಟ್ ಕಡಿಮೆಯಿದ್ದಾಗ ಬೇರೆ ಸಾಲಗಳಲ್ಲಿ ಕಟ್ಟಿಸುವ ಪಿಎಂಐ ಎಂಬ ವಿಮೆ ವಿಎಯಲ್ಲಿ ಯಾರಿಗೂ ಇಲ್ಲ.

ಹೊಸಬರು ಎಡವುವುದು ಬಾಡಿಗೆಯನ್ನು ಆದಾಯವಾಗಿ ತೋರಿಸುವಲ್ಲಿ. ಅದನ್ನು ಲೆಂಡರ್ ಸುಮ್ಮನೆ ಒಪ್ಪುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟು ನೋಡಿಕೊಂಡ ಅನುಭವಕ್ಕೆ ದಾಖಲೆ ಬೇಕು, ಟ್ಯಾಕ್ಸ್, ವಿಮೆ ಸೇರಿದ ಆರು ತಿಂಗಳ ಕಂತು ಬ್ಯಾಂಕಿನಲ್ಲಿರಬೇಕು. ಎರಡೂ ಇದ್ದರೆ ಬಾಡಿಗೆಯ 75% ಲೆಕ್ಕಕ್ಕೆ ಬರುತ್ತದೆ. ಇಲ್ಲದಿದ್ದರೆ ನಿಮ್ಮ ಸಂಬಳದ ಮೇಲೆಯೇ ಸಾಲ ಆಗಬೇಕು. ಮೇಲಿನ ಉದಾಹರಣೆಗೆ ಆರು ತಿಂಗಳೆಂದರೆ 21,000 ದಾಟಿತು, ಕ್ಲೋಸಿಂಗ್ ಖರ್ಚು ಬೇರೆ. ಸೊನ್ನೆ ಡೌನ್ ಅಂದರೆ ಬರಿಗೈಯಲ್ಲಿ ಹೋಗುವುದಲ್ಲ.

ಎರಡನೆಯ ತೊಡಕು ವಾಸದ ಷರತ್ತು. ಸಾಮಾನ್ಯವಾಗಿ 60 ದಿನದೊಳಗೆ ನೀವು ಒಳಹೋಗಬೇಕು. ಎರಡೂ ಭಾಗದಲ್ಲಿ ಬಾಡಿಗೆದಾರರಿದ್ದು ಲೀಸ್ ಇನ್ನೂ ಎಂಟು ತಿಂಗಳಿದ್ದರೆ, ಮನೆ ಕೈಬದಲಾದ ಮಾತ್ರಕ್ಕೆ ಅವರನ್ನು ಎಬ್ಬಿಸಲಾಗುವುದಿಲ್ಲ. ಆಫರ್ ಹಾಕುವ ಮೊದಲೇ ಲೀಸ್ ಪ್ರತಿ ತರಿಸಿ ಓದಿ. ಬಾಡಿಗೆ ಎಷ್ಟು, ಡೆಪಾಸಿಟ್ ಎಷ್ಟು, ಬೇರೆ ಬಾಯಿಮಾತಿನ ಒಪ್ಪಂದವಿದೆಯೇ ಎಂಬುದನ್ನು ಬಾಡಿಗೆದಾರರಿಂದಲೇ ಬರೆಸಿ ಸಹಿ ಹಾಕಿಸಿ, ಡೆಪಾಸಿಟ್ ಕ್ಲೋಸಿಂಗ್‌ನಲ್ಲಿ ನಿಮಗೆ ವರ್ಗವಾಗಲಿ.

ವಿಎ ಅಪ್ರೈಸರ್, ಅಂದರೆ ಮನೆಗೆ ಬೆಲೆ ಕಟ್ಟುವವರು, ಬೆಲೆಯ ಜೊತೆಗೆ ಮನೆಯ ಸ್ಥಿತಿಯನ್ನೂ ನೋಡುತ್ತಾರೆ. ನೀರು, ಗ್ಯಾಸ್, ಕರೆಂಟು ಎರಡೂ ಭಾಗಕ್ಕೆ ಒಂದೇ ಲೈನಿನಲ್ಲಿ ಬಂದರೂ ಪರವಾಗಿಲ್ಲ, ಆದರೆ ಪ್ರತಿ ಭಾಗಕ್ಕೆ ಅದನ್ನು ನಿಲ್ಲಿಸುವ ಬೇರೆ ಶಟ್‌ಆಫ್ ಇರಬೇಕು. 1978ಕ್ಕಿಂತ ಹಳೆಯ ಮನೆಯಲ್ಲಿ ಸುಲಿದ ಪೇಂಟ್ ಕಂಡರೆ ಕ್ಲೋಸಿಂಗ್‌ಗೆ ಮೊದಲೇ ಸರಿಪಡಿಸಬೇಕಾಗುತ್ತದೆ. ಅವರು ಕಟ್ಟುವ ಬೆಲೆ ನೀವು ಒಪ್ಪಿದ ಬೆಲೆಗಿಂತ ಕಡಿಮೆ ಬರುವಂತಿದ್ದರೆ ಟೈಡ್‌ವಾಟರ್ ಎಂಬ ಸೂಚನೆ ಬರುತ್ತದೆ, ಹತ್ತಿರದ ಮಾರಾಟಗಳ ದಾಖಲೆ ಕೊಡಲು ಎರಡೇ ಕೆಲಸದ ದಿನ. ನಿಮ್ಮ ಏಜೆಂಟ್ ಅದನ್ನು ಮೊದಲೇ ಸಿದ್ಧವಿಟ್ಟಿರಲಿ. ಇನ್‌ಸ್ಪೆಕ್ಷನ್ ಮಾತ್ರ ಬೇರೆಯಾಗಿ, ನಿಮ್ಮ ದುಡ್ಡಿನಲ್ಲಿ, ಮಾಡಿಸಲೇಬೇಕು.

ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ ನೀವಿರುವ ಭಾಗಕ್ಕಷ್ಟೇ. 100% ಅಂಗವೈಕಲ್ಯದ ಪೂರ್ಣ ವಿನಾಯಿತಿ ಇದ್ದರೂ ಬಾಡಿಗೆಯ ಅರ್ಧಕ್ಕೆ ಟ್ಯಾಕ್ಸ್ ಬೀಳುತ್ತದೆ. ಬಾಡಿಗೆಯ ಭಾಗದ ಖರ್ಚು, ಜಾಗದ ಬೆಲೆ ಬಿಟ್ಟು ಕಟ್ಟಡದ 27.5 ವರ್ಷದ ಸವಕಳಿ ಆದಾಯ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಇಯಲ್ಲಿ ಹೋಗುತ್ತವೆ.

ಬಾಡಿಗೆದಾರರನ್ನು ಹುಡುಕುತ್ತಾ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಭಾರತೀಯರಿಗೆ ಮಾತ್ರ’ ಅಂತ ಹಾಕಬೇಡಿ. ಮಾಲೀಕರೇ ವಾಸವಿರುವ ಸಣ್ಣ ಕಟ್ಟಡಕ್ಕೆ ಮನೆ ಕೊಡುವಾಗ ತಾರತಮ್ಯ ತಡೆಯುವ ಫೇರ್ ಹೌಸಿಂಗ್ ಕಾನೂನಿನಲ್ಲಿ ಕೆಲವು ರಿಯಾಯಿತಿ ಇದ್ದರೂ ಜಾಹೀರಾತಿಗೆ ಅದು ಅನ್ವಯಿಸುವುದಿಲ್ಲ.