ಅಜ್ಜನ ಟ್ರಂಕಿನ ಜಪಾನಿ ನೋಟು, ಗುಡ್ಡೆಯೊಳಗಿನ ನಿಧಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಜ್ಜ ಮಲಾಯಾದಲ್ಲಿ ಕೆಲಸಕ್ಕಿದ್ದು ಯುದ್ಧ ಮುಗಿದ ಮೇಲೆ ಊರಿಗೆ ಬಂದವರು. ಅವರ ಟ್ರಂಕಿನಲ್ಲಿ ಬಾಳೆಗಿಡದ ಚಿತ್ರವಿರುವ 10 ಡಾಲರಿನ ಒಂದು ಕಟ್ಟು ನೋಟು ಸಿಕ್ಕಿದೆ. ನಂಬರೇ ಇಲ್ಲ. ಇವು ಖೋಟಾವೇ? ಬ್ಯಾಂಕಿನಲ್ಲಿ ಬದಲಾಗುತ್ತವೆಯೇ?
– ಓದುಗರು, ಪೆರ್ಲ

ಉತ್ತರ: ನಂಬರಿಲ್ಲ ಎಂಬ ಕಾರಣಕ್ಕೆ ಖೋಟಾ ಎನ್ನಬೇಡಿ. 1942ರಿಂದ ಜಪಾನಿ ಸೇನೆ ತಾನು ಗೆದ್ದ ಊರುಗಳಲ್ಲಿ ಚಲಾಯಿಸಿದ ನೋಟುಗಳಿವು. ಮೊದಮೊದಲಿನ ಕೆಲವಕ್ಕೆ ಕ್ರಮಸಂಖ್ಯೆ ಇತ್ತು, ಆಮೇಲಿನವಕ್ಕೆ ಬರೀ ಅಕ್ಷರಗಳು. ಮಲಾಯಾದ ನೋಟಿನಲ್ಲಿ ಮೊದಲ ಅಕ್ಷರ ‘ಎಂ’, ಬರ್ಮಾದ ರೂಪಾಯಿ ನೋಟಿನಲ್ಲಿ ‘ಬಿ’. ಡಾಲರ್ ನೋಟಿನಲ್ಲಿ ‘ಬಿ’ ಕಂಡರೆ ಅನುಮಾನಿಸಿ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಬಾಳೆ ಎಲೆಯ ಅಂಚು ನೋಡಿ. ಅಸಲಿಯಲ್ಲಿ ಗೆರೆ ಒಂದೇ ಬಣ್ಣದಲ್ಲಿ, ಬಿಡದೆ ಓಡುತ್ತದೆ. ಈಚಿನ ಪ್ರಿಂಟರಿನ ನಕಲಿನಲ್ಲಿ ಅದೇ ಗೆರೆ ನೀಲಿ, ಹಳದಿ, ಗುಲಾಬಿ ಚುಕ್ಕೆಗಳಾಗಿ ಒಡೆಯುತ್ತದೆ. ಆಮೇಲೆ ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರಿನ ಅಲ್ಟ್ರಾವಯಲೆಟ್ ಟಾರ್ಚು ಹಾಯಿಸಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಯುದ್ಧದ ನಂತರ. ಆದ್ದರಿಂದ ಹಳೆ ಕಾಗದ ಮಂಕಾಗಿಯೇ ಉಳಿಯುತ್ತದೆ, ಹೊಸದು ನೀಲಿಬಿಳುಪಾಗಿ ಉರಿಯುತ್ತದೆ. ಒಮ್ಮೆ ಸೋಪಿನ ಪುಡಿಯ ನೀರು ತಾಗಿದ ಅಸಲಿ ನೋಟೂ ಹೊಳೆಯುವುದುಂಟು. ಹಾಗಾಗಿ ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ.

ಯಾವ ಬ್ಯಾಂಕೂ ಇದನ್ನು ಬದಲಿಸಿಕೊಡುವುದಿಲ್ಲ. 1945ರಲ್ಲಿ ಬ್ರಿಟಿಷರು ಮರಳಿದಾಗಲೇ ಮಲಾಯಾದಲ್ಲಿ ಇದರ ಚಲಾವಣೆ ನಿಂತಿತು. ಲೆಕ್ಕವಿಲ್ಲದಷ್ಟು ಅಚ್ಚಾದ್ದರಿಂದ ಸಂಗ್ರಾಹಕರಲ್ಲೂ ದೊಡ್ಡ ಬೆಲೆಯಿಲ್ಲ. ‘ಲಕ್ಷ ಕೊಡಿಸುತ್ತೇವೆ, ಮೊದಲು ಕಮಿಷನ್ ಕಳಿಸಿ’ ಎನ್ನುವವರನ್ನು ದೂರವಿಡಿ. ಹಳೆ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಗೆ ತಾನು ಶುಲ್ಕ ಕೇಳುವುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ. ನೋಟಿಗೆ ಇಸ್ತ್ರಿ, ಟೇಪು, ಲ್ಯಾಮಿನೇಶನ್ ಯಾವುದೂ ಬೇಡ. ಅಜ್ಜನ ಪಾಸ್‌ಪೋರ್ಟ್, ಹಡಗಿನ ಟಿಕೆಟು ಸಿಕ್ಕರೆ ಜೊತೆಗೇ ಇಡಿ. ನೋಟು ಎಲ್ಲಿಂದ ಬಂತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಪ್ರಶ್ನೆ: ಭಾರತದ ಹಳೆಯ 10 ರೂಪಾಯಿ ನೋಟು ಎರಡಿವೆ. ಒಂದರಲ್ಲಿ ಆರನೇ ಜಾರ್ಜ್ ಪಕ್ಕಕ್ಕೆ ತಿರುಗಿದ್ದಾನೆ, ಇನ್ನೊಂದರಲ್ಲಿ ಎದುರಿಗೆ. ಯಾವುದು ಸರಿ?
– ಓದುಗರು, ಬದಿಯಡ್ಕ

ಉತ್ತರ: ಎರಡೂ ಸರಿ ಇರಬಹುದು. ಪಕ್ಕದ ಮುಖದ್ದು 1938ರ ವಿನ್ಯಾಸ. ಯುದ್ಧಕಾಲದಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಜೆ.ಬಿ. ಟೇಲರ್ ಸಹಿಯ 10 ರೂಪಾಯಿ ನೋಟನ್ನು ಜಪಾನಿಯರು ಬಲು ನಾಜೂಕಾಗಿ ನಕಲು ಮಾಡಿದರು. ಅದಕ್ಕೇ ಎದುರುಮುಖದ ಚಿತ್ರ ಬಂತು, ಭದ್ರತಾ ಎಳೆಯೂ ಬಂತು. ಟೇಲರ್ ಸಹಿಯ ಪಕ್ಕಮುಖದ ನೋಟನ್ನು ಮಾತ್ರ ತಿಳಿದವರಿಗೆ ತೋರಿಸದೆ ಮಾರಲೂ ಬೇಡಿ, ಕೊಳ್ಳಲೂ ಬೇಡಿ.

ಪ್ರಶ್ನೆ: 1939ರ ಬೆಳ್ಳಿ ರೂಪಾಯಿಗೆ ಭಾರೀ ಬೆಲೆಯಂತೆ. ನಮ್ಮಲ್ಲಿರುವುದು ಅಸಲಿಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಮಂಜೇಶ್ವರ

ಉತ್ತರ: ಅಪರೂಪದ ವರ್ಷವಾದ್ದರಿಂದಲೇ ಇದರ ನಕಲು ಹೆಚ್ಚು. 1939ರವರೆಗೆ ರೂಪಾಯಿಯಲ್ಲಿ ಬೆಳ್ಳಿ 91.7 ಶೇಕಡ, 1940ರಿಂದ 50 ಶೇಕಡ. ತೂಕ ಎರಡಕ್ಕೂ 11.66 ಗ್ರಾಂ. ಹಾಗಾಗಿ ಬರೀ ತೂಗಿದರೆ ಗುಟ್ಟು ಬಿಡುವುದಿಲ್ಲ, ನೀರಿನಲ್ಲಿ ತೂಗಬೇಕು.

0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಸಪೂರ ನೂಲು ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೆ ತಾಗಿದರೆ ಲೆಕ್ಕವೇ ಕೆಡುತ್ತದೆ. ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಹೆಚ್ಚು ತೋರುತ್ತದೆ, ಮೆಲ್ಲನೆ ಅಲುಗಿಸಿ ಬಿಡಿಸಿ. ನಾಣ್ಯದ ಒಣ ತೂಕವನ್ನು ತಕ್ಕಡಿ ಈಗ ತೋರಿಸುವ ಅಂಕಿಯಿಂದ ಭಾಗಿಸಿ. ತಕ್ಕಡಿ ಸುಮಾರು 1.13 ತೋರಿಸಿದರೆ ಉತ್ತರ 10.3, ಅದು ಹಳೆ ಬೆಳ್ಳಿ. 1.22 ಬಂದರೆ ಉತ್ತರ 9.5ರ ಹತ್ತಿರ, ಅಂದರೆ ನಂತರದ ನಾಣ್ಯದ ಇಸವಿ ತಿದ್ದಿದ್ದಾರೆ. 1.35ರ ಮೇಲೆ ಹೋದರೆ ಬೆಳ್ಳಿಯ ಮಾತೇ ಬಿಡಿ.

ಬೆಳ್ಳಿ ಸರಿಬಂದರೂ ಕೊನೆಯ 9ರ ಸುತ್ತ ಮಸೂರದಲ್ಲಿ ನೋಡಿ. ಕೆರೆದ ಗುರುತು, ಬೆಸುಗೆಯ ಗೆರೆ, ಎರಕದ ಸಣ್ಣ ತೂತು ಕಾಣಬಾರದು. ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದ ನಾಣ್ಯ ಅಸಲಿಯಾದರೂ ಬೆಲೆ ಕಳೆದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಗುಡ್ಡೆಯ ಪಾಳುಬಿದ್ದ ಸುರಂಗದಲ್ಲಿ ಯುದ್ಧಕಾಲದ ಜಪಾನಿ ಚಿನ್ನವಿದೆ ಎನ್ನುತ್ತಾರೆ. ಯಂತ್ರ ತಂದು ತೋರಿಸುತ್ತೇನೆಂದು ಒಬ್ಬರು 50,000 ಕೇಳಿದ್ದಾರೆ. ನಿಜಕ್ಕೂ ನಿಧಿ ಸಿಕ್ಕರೆ ಏನು ಮಾಡಬೇಕು?
– ಓದುಗರು, ಬಾಯಾರು

ಉತ್ತರ: ಹಣ ಕೊಡಬೇಡಿ. ಜಪಾನಿ ಸೇನೆ ನಮ್ಮ ಕರಾವಳಿಗೆ ಕಾಲಿಟ್ಟದ್ದೇ ಇಲ್ಲ. 1942ರ ಏಪ್ರಿಲಿನಲ್ಲಿ ಅವರ ಬಾಂಬು ಬಿದ್ದದ್ದು ಆಚೆ ಕಡಲಿನ ವಿಶಾಖಪಟ್ಟಣ, ಕಾಕಿನಾಡದಲ್ಲಿ. ಬಚ್ಚಿಟ್ಟ ಜಪಾನಿ ಚಿನ್ನದ ಕಥೆ ಫಿಲಿಪೀನ್ಸಿನದು. ನಿಮ್ಮ ಸುರಂಗವನ್ನು ಹಿರಿಯರು ಕೊರೆದದ್ದು ನೀರಿಗಾಗಿ.

ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಸಾಮಾನ್ಯ ಮೆಟಲ್ ಡಿಟೆಕ್ಟರು ಅಲ್ಲಿ ಹೆಜ್ಜೆಹೆಜ್ಜೆಗೂ ಕೂಗುತ್ತದೆ. ಆ ಕೂಗನ್ನೇ ತೋರಿಸಿ ಅಗೆಸುತ್ತಾರೆ. ನೆಲಕ್ಕೆ ಹೊಂದಿಸಿದ ಒಳ್ಳೆಯ ಯಂತ್ರವೂ ಒಂಟಿ ನಾಣ್ಯವನ್ನು ಹಿಡಿಯುವುದು ಒಂದು ಗೇಣಿನ ಆಸುಪಾಸಿನಲ್ಲಿ. ಹತ್ತಾರು ಮೀಟರು ಆಳದ ಚಿನ್ನ ತೋರಿಸುವ ಕಡ್ಡಿ, ಆಂಟೆನಾಗಳು ಶುದ್ಧ ಮೋಸ. ಪಾಳು ಸುರಂಗಕ್ಕಂತೂ ಇಳಿಯಲೇಬೇಡಿ. ಮಳೆಗೆ ನೆನೆದ ಮಾಡು ಕುಸಿಯುತ್ತದೆ, ಒಳಗೆ ಉಸಿರಾಡುವ ಗಾಳಿಯೂ ಇರದೆ ಹೋಗಬಹುದು.

ಬೇಕಲ ಕೋಟೆಯಂಥ ಸಂರಕ್ಷಿತ ಸ್ಮಾರಕದಲ್ಲಿ ಅಗೆಯುವುದು ಅಪರಾಧ, ಅದರ ಗಡಿಯಿಂದ 100 ಮೀಟರು ನಿಷೇಧಿತ ಪ್ರದೇಶ. ನಿಮ್ಮದೇ ತೋಟದಲ್ಲಿ ಅಡಿಕೆ ಗುಂಡಿ ತೆಗೆಯುವಾಗ ಏನಾದರೂ ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಮಡಕೆಯ ಚೂರನ್ನೂ ಕದಲಿಸದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ನಿಮ್ಮ ಊರಿರುವ ಕೇರಳದಲ್ಲಿ 1968ರ ನಿಧಿ ಕಾಯ್ದೆ ಇದೆ. ಮುಚ್ಚಿಟ್ಟರೆ ಕೇಸು ಬೀಳುತ್ತದೆ. 2024ರ ಜುಲೈಯಲ್ಲಿ ಕಣ್ಣೂರಿನ ಚೆಂಗಳಾಯಿಯಲ್ಲಿ ಮಳೆಗುಂಡಿ ತೋಡುತ್ತಿದ್ದ ಉದ್ಯೋಗ ಖಾತ್ರಿಯ ಹೆಂಗಸರಿಗೆ ಒಡವೆ, ನಾಣ್ಯ ಸಿಕ್ಕಾಗ ಅವರು ಕೂಡಲೇ ಅಧಿಕಾರಿಗಳಿಗೆ ತಿಳಿಸಿದರು. ದಾರಿ ಅದೇ. ಸಿಕ್ಕ ವಸ್ತು, ಎಣಿಕೆ, ಸರ್ವೆ ನಂಬರು, ದಿನಾಂಕ ಬರೆದು ಜಿಲ್ಲಾಧಿಕಾರಿಗೆ ಪತ್ರ ಕೊಡಿ, ಆ ಪತ್ರದ ಒಂದು ನಕಲನ್ನು ವಿಲೇಜ್ ಆಫೀಸಿಗೆ ಕೊಟ್ಟು ಮೊಹರು ಹಾಕಿದ ರಸೀದಿ ಪಡೆಯಿರಿ.